ಆಪರೇಷನ್ನಿಗೆ ಮುನ್ನ ಕೇಳುವ ಜಾತಿ

"ನೀವು ಆರ್ಯವೈಶ್ಯರೇ?" ಆಪರೇಷನ್ನಿಗೆ ಮುನ್ನ ದಕ್ಷಿಣ ಭಾರತದ ಕೆಲವು ಅರಿವಳಿಕೆ ವೈದ್ಯರು ಹೀಗೆ ಕೇಳುವುದುಂಟು.

ಕೇಳುವುದು ರೋಗಿಯ ಕ್ಷೇಮಕ್ಕಾಗಿಯೇ. ಶ್ವಾಸನಾಳಕ್ಕೆ ಕೊಳವೆ ಇಳಿಸುವಾಗ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್, ನರಗಳು ಸ್ನಾಯುವಿಗೆ ಸುದ್ದಿ ಮುಟ್ಟಿಸಲು ಬಳಸುವ ಅಸಿಟೈಲ್‌ಕೋಲಿನ್ನಿನ ಜಾಗದಲ್ಲಿ ಹೋಗಿ ಕೂತು ಉಸಿರಾಟವನ್ನೂ ನಿಲ್ಲಿಸುತ್ತದೆ. ರಕ್ತದಲ್ಲಿರುವ ಸ್ಯೂಡೋಕೋಲಿನ್‌ಎಸ್ಟರೇಸ್ ಎಂಬ ಕಿಣ್ವ ಅದನ್ನು ಬೇಗ ಒಡೆಯುವುದರಿಂದ ಕೆಲವೇ ನಿಮಿಷಗಳಲ್ಲಿ ಉಸಿರು ಮರಳುತ್ತದೆ. ಕಿಣ್ವವಿಲ್ಲದವರಿಗೆ ಗಂಟೆಗಟ್ಟಲೆ ವೆಂಟಿಲೇಟರೇ ಗತಿ. ಆರ್ಯವೈಶ್ಯರಲ್ಲಿ ಈ ಕೊರತೆ ಹೆಚ್ಚು. ಕಿಣ್ವದ 307ನೇ ಸ್ಥಾನದಲ್ಲಿ ಲ್ಯೂಸಿನ್ ಬದಲು ಪ್ರೋಲಿನ್ ಇರುವುದನ್ನು 2006ರ ಅಧ್ಯಯನವೊಂದು ಆ ಸಮುದಾಯದಲ್ಲಿ ಗುರುತಿಸಿತು.

ಹಾಗಾದರೆ ಜಾತಿ ಮೈಯಲ್ಲೇ ಇದೆಯೇ? ಹುಟ್ಟಿನ ಮೇಲುಕೀಳನ್ನು ಹನ್ನೆರಡನೆಯ ಶತಮಾನದಲ್ಲೇ ತಳ್ಳಿಹಾಕಿದ ಶರಣರ ನಾಡಿನಲ್ಲಿ ಈ ಪ್ರಶ್ನೆ ಚುಚ್ಚುತ್ತದೆ.

ಉತ್ತರ ಹುಡುಕಲು ವಾಂತಿ ನಿಲ್ಲಿಸುವ ಔಷಧಿಯೊಂದು ನೆರವಾಗುತ್ತದೆ. ಮೆಟೊಕ್ಲೋಪ್ರಮೈಡ್, ಅಂಗಡಿಯಲ್ಲಿ ಕೇಳುವ ಹೆಸರು ಪೆರಿನಾರ್ಮ್, ಮೆದುಳಿನ ಡೋಪಮೈನ್ ಗ್ರಾಹಕಗಳನ್ನು ತಡೆದು ಓಕರಿಕೆ ಇಳಿಸುತ್ತದೆ. ಅದು ಇದೇ ಕಿಣ್ವವನ್ನೂ ಅದುಮುತ್ತದೆ. ಆಪರೇಷನ್ನಿಗೆ ಮುನ್ನ ಅದನ್ನು ಕೊಟ್ಟವರಲ್ಲಿ ಸಕ್ಸಿನೈಲ್‌ಕೋಲಿನ್ನಿನ ಪರಿಣಾಮ ಹೆಚ್ಚು ಹೊತ್ತು ಉಳಿದದ್ದು 1980ರ ದಶಕದಲ್ಲೇ ದಾಖಲಾಗಿದೆ. ಹುಟ್ಟುಕೊರತೆಯಷ್ಟು ತೀವ್ರವಲ್ಲ, ನಿಜ. ಆದರೆ ಯಾವ ಜಾತಿಯವರ ರಕ್ತಕ್ಕೆ ಸೇರಿದರೂ ಅದು ಮಾಡುವ ಕೆಲಸ ಒಂದೇ. ಗರ್ಭಿಣಿಯರಲ್ಲಿ, ಯಕೃತ್ತಿನ ಕಾಯಿಲೆಯವರಲ್ಲಿ ಔಷಧಿಯ ಹಂಗಿಲ್ಲದೆಯೇ ಕಿಣ್ವ ಕುಗ್ಗುತ್ತದೆ. ಒಂದು ಚುಚ್ಚುಮದ್ದು ಅಥವಾ ಒಂದು ಬಸಿರು ತಂದೊಡ್ಡಬಲ್ಲ ಸ್ಥಿತಿಯನ್ನು ಕುಲದ ಗುಣ ಎನ್ನಲಾದೀತೇ?

ಮೈಯಲ್ಲಿ ಉಳಿದಿರುವುದು ಮದುವೆಗಳ ಲೆಕ್ಕ. ತಲೆತಲಾಂತರದಿಂದ ತಮ್ಮತಮ್ಮಲ್ಲೇ ಹೆಣ್ಣು ಕೊಟ್ಟು ತಂದುಕೊಂಡ ಸಮುದಾಯದಲ್ಲಿ ಅಪರೂಪದ ಜೀನೊಂದು ತಂದೆ, ತಾಯಿ ಇಬ್ಬರಿಂದಲೂ ಮಗುವಿಗೆ ಬರುವ ಸಂಭವ ಹೆಚ್ಚು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಕಲ್ಯಾಣದಲ್ಲಿ ನಡೆಯಿತೆಂದು ಪರಂಪರೆ ಹೇಳುವ ಮದುವೆ ದಾಟಿದ್ದು ಈ ಗೆರೆಯನ್ನೇ. ಶರಣರಿಗೆ ಜೀನು ಗೊತ್ತಿರಲಿಲ್ಲ. ಗೆರೆ ಎಳೆದವರು ಮನುಷ್ಯರೇ ಎಂಬುದು ಗೊತ್ತಿತ್ತು.

ವೈದ್ಯರ ಎಚ್ಚರವನ್ನು ಇದರಿಂದ ಅಲ್ಲಗಳೆಯಬೇಕಿಲ್ಲ. ಆದರೆ ಬಹುಪಾಲು ಆರ್ಯವೈಶ್ಯರಿಗೆ ಈ ಕೊರತೆಯಿಲ್ಲ, ಬೇರೆಯವರಲ್ಲಿ ಕೆಲವರಿಗೆ ಇದೆ. ಜಾತಿಯೊಂದನ್ನೇ ನೆಚ್ಚಿದರೆ ಆ ಕೆಲವರು ಕಣ್ತಪ್ಪಿ ಒಳಗೆ ಹೋಗುತ್ತಾರೆ. ಕಿಣ್ವವನ್ನು ಅಳೆಯಲು ರಕ್ತಪರೀಕ್ಷೆಯಿದೆ, ಸಕ್ಸಿನೈಲ್‌ಕೋಲಿನ್ನಿನ ಬದಲಿಗೆ ಕೊಡಲು ರೊಕುರೋನಿಯಂ ಇದೆ. "ನಿಮ್ಮ ಮನೆಯಲ್ಲಿ ಯಾರಿಗಾದರೂ ಅರಿವಳಿಕೆ ಕೊಟ್ಟಾಗ ಉಸಿರು ಮರಳುವುದು ತಡವಾಗಿತ್ತೇ?" ಎಂಬ ಪ್ರಶ್ನೆಯನ್ನಂತೂ ಯಾರನ್ನು ಬೇಕಾದರೂ ಕೇಳಬಹುದು.