ಜೊತೆಗೊಂದು ದೋಣಿ

ಕಾಯಿಲೆ ಇರುವವನು ಕಡಲಿಗೆ ಇಳಿಯಬಹುದೇ? ಕರಾವಳಿಯ ನಾವು ಈ ಪ್ರಶ್ನೆಗೆ ತಡಮಾಡದೆ ಉತ್ತರ ಕೊಡುತ್ತೇವೆ. ಬೇಡ. ಹೃದಯದ ತೊಂದರೆಯೋ, ಸಕ್ಕರೆ ಕಾಯಿಲೆಯೋ, ಮೂರ್ಛೆ ರೋಗವೋ, ಯಾವುದಾದರೇನು, ಮನೆಯಲ್ಲಿ ಕುಳಿತು ಎರಡು ಹೊತ್ತು ಉಣ್ಣಲಿ, ಮಕ್ಕಳು ದುಡಿಯುತ್ತಾರಲ್ಲ ಎನ್ನುತ್ತೇವೆ. ಉತ್ತರ ಇಷ್ಟು ಸಲೀಸಾಗಿ ಬರುವುದು ಬಹುಶಃ ದೋಣಿ ನಮ್ಮದಲ್ಲದ ಕಾರಣಕ್ಕೆ.

ಇದೇ ಪ್ರಶ್ನೆಯನ್ನು ನಮಗಿಂತ ಕಠಿಣವಾಗಿ ಎದುರಿಸಿದವರು ಗ್ರೀನ್‌ಲ್ಯಾಂಡಿನ ಇನುಯಿಟ್ ಜನ. ಕಯಾಕ್ ಎಂದರೆ ಇಂದು ನಮ್ಮ ಕಡೆ ಹಿನ್ನೀರಿನಲ್ಲಿ ಪ್ರವಾಸಿಗರು ಹುಟ್ಟುಹಾಕುವ ಬಣ್ಣದ ಪ್ಲಾಸ್ಟಿಕ್ ದೋಣಿ. ಅವರಿಗೆ ಅದೇ ಹೊಟ್ಟೆಪಾಡು. ಕಡಲು ದಡಕ್ಕೆ ತಂದು ಹಾಕಿದ ಮರದ ತುಂಡುಗಳಿಂದ ಚೌಕಟ್ಟು ಕಟ್ಟಿ, ಮೇಲೆ ಸೀಲ್ ಪ್ರಾಣಿಯ ಚರ್ಮ ಹೊದಿಸಿ ಹೊಲಿಯುತ್ತಿದ್ದರು. ಒಬ್ಬನಿಗೆ ಮಾತ್ರ ಜಾಗ. ದರ್ಜಿ ಅಂಗಿಗೆ ಅಳತೆ ಹಿಡಿಯುವ ಹಾಗೆ, ಹೊರಡುವವನ ಮೈಯ ಅಳತೆಗೇ ದೋಣಿ ತಯಾರಾಗುತ್ತಿತ್ತು. ತೊಟ್ಟ ಚರ್ಮದ ಅಂಗಿಯ ಅಂಚನ್ನು ದೋಣಿಯ ಬಾಯಿಗೆ ಬಿಗಿದರೆ, ಮಗುಚಿದರೂ ನೀರು ಒಳಗೆ ಬರದು. ಪಳಗಿದವನು ಹುಟ್ಟನ್ನು ಬೀಸಿ ಮತ್ತೆ ಮೇಲೇಳುತ್ತಿದ್ದ.

ಇಂಥ ಗಟ್ಟಿಗರನ್ನೂ ಒಂದು ಕಾಯಿಲೆ ಹಿಡಿಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲೇ ಡೆನ್ಮಾರ್ಕಿನ ವೈದ್ಯರು ಅದನ್ನು ಗುರುತಿಸಿದ್ದರು. 'ಕಯಾಕ್ ತಲೆಸುತ್ತು' ಎಂದರು, 'ಕಯಾಕ್ ಭಯ' ಎಂದೂ ಕರೆದರು. ಅದು ಬಿರುಗಾಳಿಯಲ್ಲಿ ಬರುತ್ತಿರಲಿಲ್ಲ ಎಂಬುದೇ ವಿಚಿತ್ರ. ಕಡಲು ಕನ್ನಡಿಯಂತೆ ಸ್ತಬ್ಧವಾಗಿರಬೇಕು, ಬಿಸಿಲು ನೀರಿನ ಮೇಲೆ ಹೊಳೆಯುತ್ತಿರಬೇಕು, ಮನುಷ್ಯ ಒಬ್ಬನೇ ಅಲುಗಾಡದೆ ಬೇಟೆಗೆ ಕಾದು ಕುಳಿತಿರಬೇಕು. ಆಗ ಇದ್ದಕ್ಕಿದ್ದಂತೆ ದಿಕ್ಕು ತಪ್ಪಿದಂತಾಗುತ್ತದೆ. ದೂರ ಯಾವುದು, ಹತ್ತಿರ ಯಾವುದು ತಿಳಿಯದು. ದೋಣಿಗೆ ನೀರು ನುಗ್ಗುತ್ತಿದೆ ಅನಿಸುತ್ತದೆ, ಕಾಲು ತಣ್ಣಗಾಗುತ್ತದೆ, ಹುಟ್ಟು ಎತ್ತುವ ಧೈರ್ಯ ಸಾಲುವುದಿಲ್ಲ.

ಕಾರಣ ಹುಡುಕಿದವರಲ್ಲಿ ಕೆಲವರು ಕಾಫಿ, ತಂಬಾಕಿನ ಕಡೆ ಬೆರಳು ತೋರಿಸಿದರು. (ರೋಗಕ್ಕೆ ರೋಗಿಯ ಚಟವನ್ನೇ ದೂರುವುದು ಹಳೆಯ ಚಾಳಿ.) 1963ರಲ್ಲಿ ಗಸ್ಸೋ ಎಂಬ ಸಂಶೋಧಕರು, ಕಣ್ಣು ಕಿವಿಗಳಿಗೆ ಆಸರೆಯಾಗಿ ಏನೂ ಸಿಗದ ಆ ಏಕತಾನತೆಯೇ ಮೂಲವಿರಬೇಕೆಂದು ವಾದಿಸಿದರು. ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಕಾರಣವಲ್ಲ, ಪರಿಹಾರ. ಗಾಳಿ ಬೀಸಿ ನೀರು ಕದಡಿದರೆ ಭಯ ಇಳಿಯುತ್ತಿತ್ತು. ಇಲ್ಲವೇ ಇನ್ನೊಬ್ಬನ ಕಯಾಕ್ ಪಕ್ಕಕ್ಕೆ ಬಂದು ನಿಂತರೆ ಸಾಕಿತ್ತು.

ಬರದಿದ್ದರೆ? ಬದುಕಿ ದಡ ಸೇರಿದವರಲ್ಲಿ ಕೆಲವರು ಮತ್ತೆಂದೂ ಕಡಲಿಗೆ ಇಳಿಯಲಿಲ್ಲ. ಸೀಲ್ ಇಲ್ಲವೆಂದರೆ ಮಾಂಸವಿಲ್ಲ, ತೊಡಲು ಚರ್ಮವಿಲ್ಲ, ದೀಪಕ್ಕೆ ಕೊಬ್ಬಿಲ್ಲ. ಬೇಟೆಗಾರ ಬೇರೆಯವರ ಬೇಟೆಗೆ ಕೈಯೊಡ್ಡಬೇಕಾಗುತ್ತಿತ್ತು.

ನಮ್ಮಲ್ಲಿ ಯಾರೂ ಹಾಗೆ ಉಪವಾಸ ಬೀಳುವುದಿಲ್ಲ ಎನ್ನಬಹುದು. ಶರಾವತಿಯ ಅಳಿವೆಯಲ್ಲಿ ಸಣ್ಣ ದೋಣಿ ಇಟ್ಟುಕೊಂಡು ಗಾಳ ಹಾಕುತ್ತಿದ್ದ ಹಿರಿಯರೊಬ್ಬರನ್ನು ನಾವು ಬಲ್ಲೆವು. ಹೃದಯಕ್ಕೆ ಸ್ಟೆಂಟ್ ಹಾಕಿಸಿದ ಮೇಲೆ ಮಕ್ಕಳು ಹುಟ್ಟನ್ನು ಅಟ್ಟಕ್ಕೇರಿಸಿದರು. ಅವರು ಹೇಳಿದ್ದು ಇಷ್ಟು: "ಮಗ ಕೇಳ್ತಾನೆ, ಅಬ್ಬಾ, ನಿಮಗೆ ಏನು ಕಡಿಮೆ ಮಾಡಿದ್ದೀವಿ ಅಂತ. ಕಡಿಮೆ ಏನೂ ಇಲ್ಲ ಭಾಯ್. ಆದರೆ ನನ್ನಿಂದ ಈ ಮನೆಯಲ್ಲಿ ಯಾರಿಗೂ ಏನೂ ಬೇಕಾಗಿಲ್ಲ." ಮಗನದು ಪ್ರೀತಿಯೇ, ಅನುಮಾನವಿಲ್ಲ. ಆದರೆ ಕಾಯಿಲೆ ಕಸಿಯದೆ ಬಿಟ್ಟಿದ್ದನ್ನು ಆ ಪ್ರೀತಿ ಕಸಿದುಕೊಂಡಿತು.

ಹಾಗೆಂದು 'ನನ್ನ ಜೀವ, ನನ್ನಿಷ್ಟ' ಎಂಬ ವಾದವನ್ನು ನಾವು ಒಪ್ಪಲಾರೆವು. ದಡದಲ್ಲಿ ಅದು ಸ್ವಲ್ಪ ನಿಲ್ಲಬಹುದು, ಕಡಲಿನಲ್ಲಿ ನಿಲ್ಲದು. ಒಬ್ಬ ಹಿಂದಿರುಗದಿದ್ದರೆ ಕತ್ತಲಲ್ಲಿ ಹುಡುಕಲು ಹೊರಡುವವರಿಗೂ ಜೀವವಿದೆ. ಆದ್ದರಿಂದ ಕಾಯಿಲೆಯವನ ಮೇಲೆ ಒಂದು ಹೊಣೆಯಂತೂ ಇದೆ: ಹೇಳಬೇಕು. ಮುಚ್ಚಿಡಬಾರದು. ಆದರೆ ಹೇಳಿದವರನ್ನು ನಾವು ಏನು ಮಾಡಿದ್ದೇವೆ? ಬೋಟಿಗೆ ಆಳು ಹುಡುಕುವಾಗ, ನನಗೆ ಮೂರ್ಛೆ ಬರುತ್ತದೆ ಎಂದು ಬಾಯಿಬಿಟ್ಟವನು ದಡದಲ್ಲೇ ಉಳಿಯುತ್ತಾನೆ. ಸುಮ್ಮನಿದ್ದವನಿಗೆ ಪಾಲು ಸಿಗುತ್ತದೆ. ಸತ್ಯ ಹೇಳಿದವನಿಗೆ ಶಿಕ್ಷೆ ಕೊಡುವ ಊರು ಸುಳ್ಳನ್ನು ದೂರುವುದು ಹೇಗೆ?

ಉರ್ದು ಶಾಲೆಯಲ್ಲಿ ನಾವು ಕಲಿತ ಪದ 'ಹಮ್‌ದರ್ದಿ', ನೋವಿನಲ್ಲಿ ಜೊತೆಯಾಗುವುದು. ಕನ್ನಡದಲ್ಲಿ ಕಲಿತದ್ದು 'ಅನುಕಂಪ', ಇನ್ನೊಬ್ಬನೊಂದಿಗೆ ತಾನೂ ಕಂಪಿಸುವುದು. ಎರಡೂ ಪದಗಳಲ್ಲಿ ಜೊತೆ ಇದೆ, ಮನೆಯಲ್ಲಿ ಕೂರಿಸುವ ಮಾತಿಲ್ಲ. ಜೊತೆ ಎಂದರೆ ಭಾರೀ ತ್ಯಾಗವೇನೂ ಬೇಡ. ಪಕ್ಕದ ದೋಣಿಯವನಿಗೆ ಗೊತ್ತಿರಬೇಕು, ಸಕ್ಕರೆ ಕಾಯಿಲೆಯವನು ಬೆವತು ನಡುಗಿ ಏನೇನೋ ಮಾತಾಡತೊಡಗಿದರೆ ಅವನು ಕುಡಿದಿಲ್ಲ, ಸಕ್ಕರೆ ಇಳಿದಿದೆ ಎಂದು. ನೀರು ತಾಗದಂತೆ ಕಟ್ಟಿಟ್ಟ ಒಂದು ಹಿಡಿ ಸಕ್ಕರೆ ದೋಣಿಯಲ್ಲಿರಬೇಕು. ಎದೆನೋವು ಎಂದರೆ ಬಲೆ ಎಳೆದು ಮುಗಿಸೋಣ ಎನ್ನದೆ ತಿರುಗಬೇಕು.

ನಿಜವಾಗಿಯೂ ಹೋಗಲೇಬಾರದವರು ಇದ್ದಾರೆ. ಔಷಧಿಗೆ ಬಗ್ಗದ ಮೂರ್ಛೆ ಇರುವವನಿಗೆ ಪಕ್ಕದ ದೋಣಿಯೂ ಸಾಲದು. ಅಂಥವನಿಗೆ ದಡದಲ್ಲಿ ಬಲೆ ಹೆಣೆಯುವ, ಮೀನು ವಿಂಗಡಿಸುವ ಕೆಲಸ ಸಿಗಲಿ, ಧರ್ಮಕ್ಕಲ್ಲ, ಪಾಲಿಗೆ.

ಇನ್ನುಳಿದವರ ವಿಷಯದಲ್ಲಿ ತೊಡಕು ಬೇರೆ. ಗ್ರೀನ್‌ಲ್ಯಾಂಡಿನಲ್ಲಿ ಭಯ ಹಿಡಿದ ಕೆಲವರು ಮತ್ತೆ ಕಡಲಿಗಿಳಿದದ್ದು ಜೊತೆಗಾರ ಇದ್ದಾಗ ಮಾತ್ರ. ಆ ಜೊತೆಗಾರನಿಗೂ ಹೊಟ್ಟೆಯಿತ್ತು. ನಮ್ಮ ಅಳಿವೆಯಲ್ಲೂ ಅಷ್ಟೇ. ಎರಡು ಗಾಳ ಒಂದೇ ಕಡೆ ಬಿಟ್ಟರೆ ಮೀನು ಹಂಚಿಹೋಗುತ್ತದೆ. ಹಿರಿಯರ ಪಕ್ಕದಲ್ಲಿ ದೋಣಿ ನಿಲ್ಲಿಸಿದವನ ಬುಟ್ಟಿಯಲ್ಲಿ ಆ ದಿನ ನಾಲ್ಕು ಮೀನು ಕಡಿಮೆ ಇರುತ್ತದೆ. ಆ ನಾಲ್ಕು ಮೀನಿನ ಲೆಕ್ಕ ಯಾರದು, ಅವನ ಮನೆಯದೋ, ಹಿರಿಯರ ಮಗನದೋ, ಇಡೀ ಕೇರಿಯದೋ ಎಂಬ ಮಾತನ್ನು ನಾವಿನ್ನೂ ಎತ್ತಿಯೇ ಇಲ್ಲ.