ಶುದ್ಧಿ ಎಲ್ಲಿಯವರೆಗೆ?

ಶುಚಿತ್ವದ ಮಾತು ಬಂದಾಗ ನಮ್ಮ ಗಮನ ಹೆಚ್ಚಾಗಿ ವುಝೂ, ಸ್ನಾನ, ಉಡುಪುಗಳತ್ತ ಹೋಗುತ್ತದೆ. ತನ್ನ ದೇಹ ಶುದ್ಧವಾದರೆ ಹೊಣೆ ಮುಗಿಯಿತೆಂಬ ಭಾವನೆ. ಆದರೆ ಒಬ್ಬನು ಬಯಲಲ್ಲಿ ಬಿಟ್ಟುಬಂದ ಹೊಲಸಿನಿಂದ ಇನ್ನೊಬ್ಬನ ಮಗು ಕಾಯಿಲೆ ಬಿದ್ದರೆ, ಆ ಶುದ್ಧಿ ಪೂರ್ಣವಾಯಿತೇ?

ಜಂತುಹುಳುಗಳ ವಿಷಯದಲ್ಲಿ ಈ ಪ್ರಶ್ನೆ ಬರೀ ತರ್ಕವಲ್ಲ. ಮಣ್ಣಿನಿಂದ ಹರಡುವ ಈ ಹುಳುಗಳು ಜಗತ್ತಿನ ಸುಮಾರು 150 ಕೋಟಿ ಜನರನ್ನು ಬಾಧಿಸುತ್ತಿವೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹೆಚ್ಚಿನವರು ಬಡವರು. ಬೆಲ್ಲ ತಿಂದರೆ ಹೊಟ್ಟೆಯಲ್ಲಿ ಹುಳುವಾಗುತ್ತದೆಂದು ಮನೆಯ ಹಿರಿಯರು ಗದರಿಸುವುದುಂಟು. ಪಾಪ, ಬೆಲ್ಲ ನಿರಪರಾಧಿ! ಹುಳು ಹರಡುವುದು ಮನುಷ್ಯನ ಮಲದಿಂದ. ಒಂದು ಹೆಣ್ಣು ದುಂಡುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆಗಳನ್ನಿಡಬಲ್ಲದು. ಅವು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದು, ತೊಳೆಯದ ಸೊಪ್ಪು ತರಕಾರಿ ಮತ್ತು ಮಣ್ಣು ತುಂಬಿದ ಉಗುರುಗಳ ಮೂಲಕ ಬಾಯಿ ಸೇರುತ್ತವೆ. ಕೊಕ್ಕೆಹುಳುವಿನ ದಾರಿ ಬೇರೆ. ಅದರ ಮರಿ ಬರಿಗಾಲಿನ ಚರ್ಮವನ್ನು ಕೊರೆದು ಒಳಹೊಕ್ಕು, ರಕ್ತದೊಂದಿಗೆ ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೇರಿ, ಕೊನೆಗೆ ಕರುಳನ್ನು ತಲಪುತ್ತದೆ. ಅಲ್ಲಿ ಕಚ್ಚಿ ಹಿಡಿದು ರಕ್ತ ಹೀರುತ್ತದೆ. ಗರ್ಭಿಣಿಯರ, ಮಕ್ಕಳ ರಕ್ತಹೀನತೆಗೆ ಇದೂ ಒಂದು ಕಾರಣ. ಬಿಟ್ಟುಹೋದವನಿಗೆ ಯಾವ ದ್ವೇಷವೂ ಇಲ್ಲ. ಮೆಟ್ಟಿದವನಿಗೆ ಯಾರ ಹುಳುವೆಂಬುದು ತಿಳಿಯದು.

ದಾರಿಯಲ್ಲಿ, ಜನರು ತಂಗುವ ನೆರಳಿನಲ್ಲಿ, ನೀರಿನ ತಾಣದಲ್ಲಿ ಮಲ ವಿಸರ್ಜಿಸುವುದು ಶಾಪಕ್ಕೆ ಕಾರಣವಾಗುವ ಕೃತ್ಯವೆಂದು ಪ್ರವಾದಿ(ಸ)ರು ಎಚ್ಚರಿಸಿರುವರು. ಈ ಮೂರೂ ಇತರರ ಹಕ್ಕಿರುವ ಸ್ಥಳಗಳೆಂಬುದನ್ನು ಗಮನಿಸಬೇಕು. ಗ್ರಂಥಗಳಲ್ಲಿ ಇದನ್ನು ಶುದ್ಧಿಯ ಅಧ್ಯಾಯದಲ್ಲಿ ಓದುತ್ತೇವೆ. ನೆರೆಹೊರೆಯವರ ಹಕ್ಕುಗಳ ಅಧ್ಯಾಯದಲ್ಲೂ ಓದತಕ್ಕದ್ದೆಂದು ನನ್ನ ಅಭಿಪ್ರಾಯ.

ನಮ್ಮ ದೇಶದಲ್ಲಿ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 1ರಿಂದ 19 ವರ್ಷದವರಿಗೆ ಶಾಲೆ, ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಮಾತ್ರೆ ಕೊಡಲಾಗುತ್ತದೆ. ಊಹಾಪೋಹಕ್ಕೆ ಅಂಜಿ ಅಂದು ಮಗುವನ್ನು ಮನೆಯಲ್ಲೇ ಉಳಿಸಿಕೊಳ್ಳುವುದು ಸರಿಯಲ್ಲ. ಆದರೆ ಮಾತ್ರೆ ಕೊಲ್ಲುವುದು ಹೊಟ್ಟೆಯ ಹುಳುವನ್ನು. ಅಂಗಳದ ಮೊಟ್ಟೆ ಹಾಗೆಯೇ ಇರುತ್ತದೆ. ಕೆಲವೇ ತಿಂಗಳಲ್ಲಿ ಮಗುವಿಗೆ ಮತ್ತೆ ಹುಳು ತಗಲಬಹುದು.

ತುಂಡು ಭೂಮಿಯೂ ಇಲ್ಲದ ಕೂಲಿಯವನು ಶೌಚಾಲಯ ಎಲ್ಲಿ ಕಟ್ಟಿಸಲಿ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸಾಮರ್ಥ್ಯಕ್ಕೆ ಮೀರಿದ ಹೊಣೆಯನ್ನು ಅಲ್ಲಾಹನು ಯಾರ ಮೇಲೂ ಹೊರಿಸುವುದಿಲ್ಲ. ಆದರೆ ಅವನಿಂದ ಇಳಿದ ಹೊಣೆ ಗಾಳಿಯಲ್ಲಿ ಕರಗುವುದಿಲ್ಲ. ಅದು ಅವನಿಂದ ದುಡಿಸಿಕೊಳ್ಳುವವನ, ಅವನಿಗೆ ಮನೆ ಬಾಡಿಗೆಗೆ ಕೊಟ್ಟವನ, ಪಂಚಾಯತಿನ ಹೆಗಲೇರುತ್ತದೆ. ಸಾಲಾಗಿ ಹತ್ತು ಕೋಣೆ ಕಟ್ಟಿಸಿ, ಎಲ್ಲಕ್ಕೂ ಸೇರಿ ಒಂದೇ ಶೌಚಾಲಯ ಮಾಡಿ, ಅದರ ಗುಂಡಿ ತುಂಬಿದರೂ ತಿರುಗಿ ನೋಡದ ಮಾಲಿಕರು ನಮ್ಮ ನಡುವೆಯೂ ಇದ್ದಾರೆ. ಬಾಡಿಗೆಯ ದಿನ ಮಾತ್ರ ತಪ್ಪುವುದಿಲ್ಲ. ಆ ಕೋಣೆಗಳ ಮಕ್ಕಳು ಹಿತ್ತಲಿಗೇ ಹೋಗುತ್ತಾರೆ. ಶಾಲೆಯಲ್ಲಿ ಮಾತ್ರೆ ನುಂಗಿ ಬಂದು ಸಂಜೆ ಅದೇ ಹಿತ್ತಲಲ್ಲಿ ಬರಿಗಾಲಲ್ಲಿ ಆಡುತ್ತಾರೆ.