ಪ್ರಸಾದವೂ ವಯೋಧರ್ಮವೂ

ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಲಿಂಗಕ್ಕರ್ಪಿತವಾದ ಪದಾರ್ಥವೇ ಪ್ರಸಾದವೆನಿಸುವುದು. ಅದರಿಂದ ಪೋಷಿತವಾದ ಶರೀರವು ಪ್ರಸಾದಕಾಯವೆನಿಸುವುದು. ಆದುದರಿಂದ ಉಣ್ಣುವವರ ವಯೋಧರ್ಮವನ್ನರಿತು ಬಡಿಸುವುದೂ ಲಿಂಗಪೂಜೆಯ ಅಂಗವೇ ಸರಿ.

ಎಂಟನೆಯ ತಿಂಗಳಲ್ಲಿ ಗರ್ಭಸ್ಥ ಶಿಶುವಿಗೆ ಲಿಂಗಧಾರಣೆ ಮಾಡಿಸುವ ಸಂಪ್ರದಾಯವು ವೀರಶೈವರಲ್ಲಿದೆ. ಹೀಗಿರಲು ಆ ಗರ್ಭಿಣಿಯು ಎಲ್ಲರೂ ಉಂಡ ಬಳಿಕ ತಳದಲ್ಲುಳಿದುದನ್ನುಣ್ಣುವುದು ಯಾವ ಸದಾಚಾರ? ಹುಟ್ಟಿದ ಕೂಸಿಗೆ ಆರು ತಿಂಗಳು ತಾಯ ಹಾಲೊಂದೇ ಸಾಕು. ಅನಂತರ ಹಾಲಿನೊಡನೆ ರಾಗಿಯ ಸರಿ. ಬೆಳೆಯುವ ಮಕ್ಕಳಿಗೆ ಮುದ್ದೆ, ಸೊಪ್ಪು, ಕಾಳು, ಮೊಸರು. ದುಡಿಯುವವರಿಗೆ ಕಾಯಕಕ್ಕೆ ತಕ್ಕಷ್ಟು. ಹಲ್ಲುದುರಿದ ವೃದ್ಧರಿಗೆ ಮೆತ್ತಗೆ ಬೆಂದ ಅನ್ನ, ಬೇಳೆಯ ಕಟ್ಟು, ಅಂಬಲಿ. ಅದೂ ಹೊತ್ತು ಮೀರದಂತೆ.

ಬೆಂಗಳೂರಿನ ಪೂರ್ವದ ದೊಡ್ಡನೆಕ್ಕುಂದಿಯಲ್ಲಿ ಕೆರೆಯ ಆಸುಪಾಸಿನ ಹೊಲಗಳಿದ್ದೆಡೆ ಇಂದು ಬಹುಮಹಡಿಯ ಕಟ್ಟಡಗಳೆದ್ದಿವೆ. ಬೇರೆಡೆ ಬೆಂದ ಆಹಾರವು ಮನೆಬಾಗಿಲಿಗೇ ಬರುತ್ತಿದೆ. ಹೊಲ ಹೋಯಿತೆಂದು ರಾಗಿಯನ್ನೂ ಬಿಡಬೇಕಾಗಿಲ್ಲ. 100 ಗ್ರಾಂ ರಾಗಿಯಲ್ಲಿ ಎಲುಬಿಗೆ ಬಲವೀಯುವ ಸುಣ್ಣದಂಶವು 300 ಮಿಲಿಗ್ರಾಮಿಗೂ ಮಿಕ್ಕಿರುವುದು. ವಿಶ್ವಸಂಸ್ಥೆಯು 2023ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಹಳ್ಳಿಯ ಅಜ್ಜಿಯು ಅದನ್ನು ಮೊದಲೇ ಬಲ್ಲವಳಾಗಿದ್ದಳು.

ಆಯ್ದಕ್ಕಿ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಸತಿ ಲಕ್ಕಮ್ಮನು ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಹೇಳಿದಳೆಂಬ ಕಥೆ ಪ್ರಸಿದ್ಧವಾಗಿದೆ. ಒಂದೆಡೆ ಸೇರಿದ ಹೆಚ್ಚಳವು ಮತ್ತೊಂದೆಡೆಯ ಕೊರತೆಯೆಂಬುದನ್ನು ಆ ಶರಣೆ ಅರಿತಿದ್ದಳು. ಗಳಿಸುವ ಮಗನ ತಟ್ಟೆಯಲ್ಲಿ ತುಪ್ಪ ತುಳುಕುತ್ತಿರಲು, ಒಳಕೋಣೆಯ ಮುದಿತಾಯಿಗೆ ಆರಿದ ಗಟ್ಟಿಯನ್ನವಾದರೆ, ಆ ಮನೆಯ ದಾಸೋಹವು ಹೊಸ್ತಿಲೊಳಗೇ ತಪ್ಪಿದಂತೆ. ಸದ್ಭಕ್ತರು ಇಂದಿನ ಊಟಕ್ಕೆ ಕೂಡುವ ಮುನ್ನ ಆ ತಾಯಿಯ ತಟ್ಟೆಯನ್ನು ನೋಡಲಿ, ಅನಂತರ ಲಿಂಗಕ್ಕರ್ಪಿಸಲಿ.